ಸೊನ್ನೆಗೆ ತಿರುಗಿಸದ ಚಕ್ರ

ಕಳೆದ ವರ್ಷದ ಆ ಸೋಮವಾರ ಅಣ್ಣ ಚನ್ನಪಟ್ಟಣದ ನಮ್ಮ ಸ್ಟುಡಿಯೊದಲ್ಲಿ ಕಪ್ಪು ಬಟ್ಟೆ ಹಾಸಿ, ಮೇಲೆ ಅರಗು ಬಳಿದ ಕರಿ ಬೊಂಬೆ ಆನೆಗಳನ್ನು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದ. ಬೊಂಬೆ ಅಂಗಡಿಯ ಭಾಯಿ ಎರಡು ಸಲ ಟೀ ಕಳಿಸಿದ್ದರು. ಅಷ್ಟು ಮಾಮೂಲಿ ದಿನ.

ನಿಮಗೆ ಗೊತ್ತಿರಲಿ, ಕ್ಯಾಮೆರಾ ಮಹಾಜ್ಞಾನಿ. ಲೋಕವೆಲ್ಲ ಬೂದು ಬಣ್ಣದ್ದೆಂದು ಅದರ ಗಟ್ಟಿ ನಂಬಿಕೆ. ಕರಿ ಆನೆ ತೋರಿಸಿದರೆ ‘ಪಾಪ, ಬೆಳಕು ಸಾಲದು’ ಎಂದು ಬೆಳಕು ಸುರಿದು ಬೂದು ಆನೆ ಮಾಡುತ್ತದೆ. ಬಿಳಿ ರೇಷ್ಮೆಗೂಡು ತೋರಿಸಿದರೆ ‘ಇಷ್ಟೊಂದು ಬೆಳಕೇ!’ ಎಂದು ಮಂಕು ಮಾಡುತ್ತದೆ. ಅದನ್ನು ತಿದ್ದಲು ಒಂದು ಪುಟ್ಟ ಚಕ್ರವಿದೆ: ಕಪ್ಪಿಗೆ ಮೈನಸ್, ಬಿಳಿಗೆ ಪ್ಲಸ್. ಅಣ್ಣನ ಹಳೆಯ ರೀಲು ಕ್ಯಾಮೆರಾದಲ್ಲಿ ಅದೂ ಇರಲಿಲ್ಲ. ಬೆಳಕು ಹಿಡಿಯುವ ವೇಗ ನೂರಿರುವ ರೀಲು ಹಾಕಿ, ಐವತ್ತರ ನಿಧಾನದ್ದೆಂದು ಕ್ಯಾಮೆರಾಗೆ ಸುಳ್ಳು ಹೇಳಿ, ಎರಡರಷ್ಟು ಬೆಳಕು ಗಿಟ್ಟಿಸುತ್ತಿದ್ದ. ಸುಳ್ಳು ಫಲಿಸಿತೋ ಇಲ್ಲವೋ ತಿಳಿಯುತ್ತಿದ್ದುದು ರೀಲು ತೊಳೆದ ಮೇಲೆ.

“ಕೆಲ್ಸ ಆದ್ಮೇಲೆ ಸೊನ್ನೆಗೆ ತಿರುಗ್ಸ್‌ಬುಡ್ಬೇಕು ಕಣ್ಲಾ,” ಎನ್ನುತ್ತಿದ್ದ. “ಇಲ್ದಿದ್ರೆ ಆನೆಗಿಕ್ಕಿದ್ರಲ್ಲೇ ಮದ್ವೆ ಹೆಣ್ಣ ತೆಗ್ದು ಒದೆ ತಿಂತೀಯ.”

ಇಪ್ಪತ್ತು ವರ್ಷ ಕೇಳಿದ ಮಾತು. ಅಷ್ಟು ಸಲ ಕೇಳಿದ್ದನ್ನು ನೆನಪಿಟ್ಟುಕೊಳ್ಳುವ ಅಗತ್ಯವಾದರೂ ಏನು?

ಆನೆಗಳು ಡಬ್ಬ ಸೇರಿದ ಮೇಲೆ ಅಣ್ಣ ಬಿಳಿ ಅಂಗಿಯಲ್ಲಿ ಸುಣ್ಣದ ಗೋಡೆಗೆ ಒರಗಿ ನಿಂತ.

“ಲೇ, ಊರೋರ ಮುಖವೆಲ್ಲ ತೆಗ್ದಾಯ್ತು. ನಂದೊಂದು ತೆಗಿ.”

“ನಿನ್ ಮುಖಕ್ಕೆ ಕ್ಯಾಮೆರಾ ಒಡ್ದೋದ್ರೆ?”

“ಒಡೀಲಿ ತೆಗಿಯೋ. ಒಸಿ ಪ್ಲಸ್ ಇಕ್ಕಿದ್ದೀಯೇನ್ಲಾ?”

“ಇಕ್ಕಿವ್ನಿ ಕಣಣ್ಣ.”

ನೋಡಿರಲೇ ಇಲ್ಲ. ಚಕ್ರ ಆನೆಗಳ ಮೈನಸ್ ಎರಡರಲ್ಲೇ ಇತ್ತು. ಬಿಳಿ ಕಂಡ ಕ್ಯಾಮೆರಾ ಒಂದಿಷ್ಟು ಕತ್ತಲು ಸೇರಿಸಿತು, ಮಿಕ್ಕದ್ದನ್ನು ನಾನು. ತೆಗೆದದ್ದನ್ನು ಹಿಂದಿನ ಪರದೆಯಲ್ಲಿ ಆಗಲೇ ನೋಡಬಹುದಿತ್ತು. ಡಿಜಿಟಲ್ ಕ್ಯಾಮೆರಾ ಇರುವುದೇ ಅದಕ್ಕೆ. ಆದರೆ ನನಗೆ ಊಟಕ್ಕೆ ಹೊತ್ತಾಗಿತ್ತು.

ಮಂಗಳವಾರ ಬೆಳಿಗ್ಗೆ ಎದೆ ಹಿಡಿದು ಕುಳಿತ ಅಣ್ಣ ಏಳಲಿಲ್ಲ.

ತಿಥಿಗೆ ಫೋಟೊ ಬೇಕೆಂದು ಅತ್ತಿಗೆ ಕೇಳಿದರು. ಮದುವೆಯ ಫೋಟೊದಲ್ಲಿ ಬಾಸಿಂಗದ ಮರೆಯಲ್ಲಿ ಅರ್ಧ ಮುಖ. ಅದು ಬಿಟ್ಟರೆ ಸಿಕ್ಕಿದ್ದು ಇದೊಂದೇ. ಕಂಪ್ಯೂಟರಿನಲ್ಲಿ ಬೆಳಕು ಏರಿಸಿದೆ. ಗೋಡೆ ಬೆಳ್ಳಗಾಯಿತು, ಅಂಗಿ ಬೆಳ್ಳಗಾಯಿತು. ಕಣ್ಣಿದ್ದ ಕಡೆ ಮರಳು ಚೆಲ್ಲಿದಂತೆ ಚುಕ್ಕೆಗಳು. ಕ್ಯಾಮೆರಾ ಕಾಣದೇ ಹೋದದ್ದನ್ನು ಕಂಪ್ಯೂಟರ್ ಎಲ್ಲಿಂದ ತಂದೀತು? ರಾಮನಗರದ ಗೆಳೆಯನೊಬ್ಬ ಉಪಕಾರ ಮಾಡಲು ಹೋಗಿ ಯಾರದೋ ಕಣ್ಣು ಅಂಟಿಸಿಕೊಟ್ಟ. ಭೇಷಾಗಿತ್ತು.

ಅತ್ತಿಗೆ ಒಂದು ಗಳಿಗೆ ನೋಡಿ, “ಇದ್ಯಾರ್ದು?” ಎಂದರು. ಕಣ್ಣು ಅಂಟಿಸುವ ಮೊದಲಿನ ಫೋಟೊವನ್ನೇ ಚೌಕಟ್ಟಿಗೆ ಹಾಕಿಸಿದೆ.

ಈಗ ದಿನಾ ಬಾಗಿಲು ಹಾಕುವ ಮೊದಲು ಚಕ್ರವನ್ನು ಸೊನ್ನೆಗೆ ತಿರುಗಿಸುತ್ತೇನೆ. ಎರಡೆರಡು ಸಲ ನೋಡುತ್ತೇನೆ. ಅಷ್ಟು ಶಿಸ್ತಿನ ಮನುಷ್ಯನಾಗಿದ್ದೇನೆ. ಎದುರಿಗೆ ಗೋಡೆಯ ಮೇಲೆ ಅಣ್ಣನ ಅಂಗಿ ಇದೆ, ಮೀಸೆ ಇದೆ. ಕಣ್ಣುಗಳಿಲ್ಲ.