ಬಾವಿಯ ಬಾಯಿಗೆ ಚಾಚಿದ ಕಾಲು

ಪಕ್ಕದ ಮನೆಯವರು ಗೋಡೆ ಎಬ್ಬಿಸುತ್ತಿದ್ದಾರೆ. ಇಂದು ಬೆಳಿಗ್ಗೆ ಗಾರೆಗೆಂದು ಸುಣ್ಣ ಅರಳಿಸಿದರು. ಗಂಟಲು ಕೆರೆಯುವ ಅದರ ಬಿಸಿ ವಾಸನೆ ಕಿಟಕಿಯಿಂದ ಒಳಗೆ ಬಂತು. ಸುಣ್ಣದ ವಾಸನೆಗೆ ಜನರಿಗೆ ಹೊಸ ಮನೆ ನೆನಪಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ, ಸಿಟ್ಟಿನ ಹಿಂದೆಯೇ ಅಡಿವೆಪ್ಪಗೌಡನ ಮುಖ ಬರುತ್ತದೆ. ಆತ ತೀರಿಕೊಂಡು ಬಹಳ ವರ್ಷಗಳಾದವು. ಆದರೂ ಆತ ನನಗೆ ಆಡಿದ ಮಾತು, ಆಡುವಾಗ ಎಲೆಯಡಿಕೆ ಯಾವ ದವಡೆಯಲ್ಲಿತ್ತೆಂಬುದರ ಸಹಿತ, ನನ್ನಲ್ಲಿ ಭದ್ರವಾಗಿದೆ. ಎಡದವಡೆಯಲ್ಲಿತ್ತು. ಓದುಗರೇ, ನನ್ನನ್ನು ಸಣ್ಣ ಮನಸ್ಸಿನವನೆಂದು ನೀವು ಕರೆದರೆ ಅಲ್ಲಗಳೆಯಲಾರೆ. ಪೂರ್ತಿ ಕೇಳಿದ ಮೇಲೆ ಕರೆಯಿರಿ.

ಇಪ್ಪತ್ತನೆಯ ಶತಮಾನ ಇನ್ನೂ ಎಳೆಯದಾಗಿದ್ದ ಕಾಲ. ನಾನು ಬೈಲಹೊಂಗಲದ ಕನ್ನಡ ಶಾಲೆಗೆ ಹೊಸ ಮಾಸ್ತರ. ನಮ್ಮ ಓಣಿಗೆಲ್ಲ ಒಂದೇ ಮೆಟ್ಟಿಲುಬಾವಿ. ಹೆಂಗಸರು ಕೆಳಗಿಳಿದು, ಮೊಣಕಾಲುಮಟ ನೀರಿನಲ್ಲಿ ನಿಂತು ಕೊಡ ತುಂಬುತ್ತಿದ್ದರು. ಬೇಸಿಗೆ ಬಂತೆಂದರೆ ಮನೆಗೊಬ್ಬರಾದರೂ ನಾರುಹುಣ್ಣಾಗಿ ಮಲಗುವರು. ಕಾಲಿನಲ್ಲಿ ಬೊಬ್ಬೆ ಎದ್ದು ಒಡೆದು, ಬಿಳಿಯ ದಾರದಂಥ ಹುಳು ತಲೆ ಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲದಷ್ಟು ಹೊರಗೆಳೆಯಬೇಕು; ನಡುವೆ ಹರಿದರೆ ಕಾಲೇ ಕೈಬಿಡುತ್ತದೆ. ದವಾಖಾನೆಯ ಡಾಕ್ಟರರು ಸ್ಪಷ್ಟವಾಗಿ ಹೇಳಿದ್ದರು: ಹುಣ್ಣಿನ ಕಾಲು ಇಳಿದ ನೀರನ್ನೇ ನೀವು ಕುಡಿಯುತ್ತೀರಿ, ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಗಾಲಿ ಹಾಕಿ ಹಗ್ಗದಿಂದ ಸೇದಿರಿ. ಊರಿನ ಕಮಿಟಿಯವರು ಕಲ್ಲು, ಸುಣ್ಣ, ಗೋಡೆ ಕಟ್ಟುವ ಗವಂಡಿಯನ್ನು ಕೊಡಲೊಪ್ಪಿದರು. ಷರತ್ತು ಒಂದೇ: ಓಣಿಯ ಪ್ರತಿ ಮನೆಯ ಸಮ್ಮತಿ ಒಂದೇ ಕಾಗದದ ಮೇಲೆ ಬರಬೇಕು. ದೊಡವಾಡದಿಂದ ಗವಂಡಿ ರಾಜೇಸಾಬ ಬಂದು ಸುಣ್ಣವನ್ನೂ ಅರಳಿಸಿಟ್ಟ. ಅಮಾವಾಸ್ಯೆ ಕಳೆದರೆ ಆತ ಚಚಡಿ ಊರಿನ ಕೆಲಸಕ್ಕೆ ಹೋಗುವವನು, ಆಮೇಲೆ ಮಳೆ.

ನನ್ನ ಅಣ್ಣನ ಹೆಂಡತಿ ಗಂಗವ್ವ ವೈನಿ ಆಗ ನಡುಮನೆಯಲ್ಲಿ ಮಲಗಿದ್ದರು. ಹಿಂದಿನ ವರ್ಷದ ಹುಣ್ಣಿಗೆ ಎಡಗಾಲಿನ ಮೊಣಕಾಲು ಮಡಚಿಹೋಗಿತ್ತು. ಈ ಸಲ ಬಲಗಾಲು. ಅವರ ಬದಲು ಅವರ ಹೊಸ ಸೊಸೆ ನೀಲವ್ವ ಬಾವಿಗಿಳಿಯುತ್ತಿದ್ದಳು.

"ನನ್ನ ಕಾಲು ಹ್ವಾದ್ರ ಹೋಗವಲ್ವು," ಎಂದರು ವೈನಿ. "ಆ ಹುಡುಗಿ ಕಾಲು ಇನ್ನೂ ಹಸನಾಗಿ ಅದಾವು. ಅಮಾಸಿಯೊಳಗ ಏನರ ಮಾಡಪಾ."

ನಾನು ಮಾಡಿದೆ. ಯಾರೂ ನೇಮಿಸದಿದ್ದರೂ ಓಣಿಯ ಸಭೆಗೆ ನಾನೇ ಕಾಗದಪತ್ರ ಬರೆಯುವ ಚಿಟಣೀಸನಾದೆ. ಸೋಮವಾರ ಎತ್ತು ಹೂಡುವುದಿಲ್ಲ, ಗಂಡಸರು ಊರಲ್ಲೇ ಇರುತ್ತಾರೆ ಎಂದು ಲೆಕ್ಕ ಹಾಕಿ, ಸೋಮವಾರ ಸಂಜೆಗೆ ಸಭೆ ಕರೆದು, ದುಂಡಗಿನ ಅಕ್ಷರದಲ್ಲಿ ಸೂಚನೆ ಬರೆದು ಬಸವಣ್ಣನ ಗುಡಿಯ ಗೋಡೆಗೆ ಅಂಟಿಸಿದೆ. ಬಂದವರು ಮೂವರು: ನಾನು, ನನ್ನ ಅಣ್ಣ, ದಿನಾಲು ಅಲ್ಲೇ ಕೂಡುತ್ತಿದ್ದ ಒಬ್ಬ ಕಿವುಡ ಮುದುಕ. ಓಣಿಯ ಹಿರಿಯ ಮನೆಯ ಅಡಿವೆಪ್ಪಗೌಡ ಆ ಹಾದಿಯಲ್ಲೇ ಹೋದ. ಕಾಗದದ ಮುಂದೆ ನಿಂತು, "ಮಾಸ್ತರ ಅಕ್ಷರ ಮುತ್ತಿನಂಗ ಅದಾವು. ಯಾರದು ಲಗ್ನ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಡೆದ.

ನಮ್ಮ ಕಡೆ ಗೋಡೆ ಕರೆದರೆ ಯಾರೂ ಬರುವುದಿಲ್ಲ. ಮನೆಯ ಬಾಗಿಲಿಗೆ ಹೋಗಿ ಕೈಯಲ್ಲಿ ವೀಳ್ಯ ಕೊಟ್ಟು ಕರೆಯಬೇಕು. ಅದನ್ನು ಅಣ್ಣ ಹೇಳಿದ. ಆ ವೀಳ್ಯಕ್ಕೂ ಒಂದು ಕ್ರಮವಿದೆಯೆಂದು, ಮೊದಲನೆಯದು ಗೌಡರ ಮನೆಗೆ ಸಲ್ಲಬೇಕೆಂದು ಆತ ಹೇಳಲಿಲ್ಲ. ಹುಟ್ಟಿದೂರಿನಲ್ಲಿ ಇದನ್ನೂ ಹೇಳಿಕೊಡಬೇಕೇ ಎಂದುಕೊಂಡಿರಬೇಕು. ನಾನೋ ಹಾಜರಿ ಪುಸ್ತಕದ ಮನುಷ್ಯ. ಬಾವಿಯ ಕಡೆಯ ಮೊದಲ ಮನೆಯಿಂದ ಸಾಲಾಗಿ ಹೊರಟೆ. ಗೌಡರದು ನಾಲ್ಕನೆಯ ಮನೆ.

ಗೌಡ ವೀಳ್ಯವನ್ನು ಮುಟ್ಟಲಿಲ್ಲ. "ಮೂರು ಮನಿ ಮುಗಿಸಿ ಬಂದ್ರೇನು?" ಎಂದ. "ನಮ್ಮ ಮನಿ ನಿಮ್ಮ ಹಾದಿ ಮ್ಯಾಲೆ ಬಿತ್ತು, ಅದಕ್ಕ ಹೊಕ್ಕ್ರಿ. ಆಚೀಕಡೆ ಇದ್ದಿದ್ರ ಬರತಿದ್ದಿಲ್ಲ. ನಡೀರಿ, ಮುಂದಿನ ಮನ್ಯಾಗ ಕಾಯಾಕ ಹತ್ಯಾರು."

ಎರಡನೆಯ ಸಭೆಗೆ ಗೌಡನೊಬ್ಬನನ್ನು ಬಿಟ್ಟು ಎಲ್ಲರೂ ಬಂದರು. ಆತನಿಲ್ಲದೆ ಮೊದಲ ಮಾತು ಎತ್ತುವವರು ಯಾರು? ನಾನು ಡಾಕ್ಟರರ ಮಾತನ್ನು ಮೂರು ಬಗೆಯಲ್ಲಿ ವಿವರಿಸಿದೆ. ಅವರು ನಾನು ಕೊಟ್ಟ ಎಲೆಯನ್ನೇ ಮೆಲ್ಲುತ್ತ ನೆಲ ನೋಡಿದರು. ಎಲೆ ಮುಗಿಯಿತು, ಎದ್ದು ಹೋದರು. ಅಮಾವಾಸ್ಯೆಗೆ ನಾಲ್ಕು ದಿನ ಉಳಿದಿದ್ದವು.

ಮನೆಗೆ ಬಂದು, ಯಾರು ಎಲ್ಲಿ ಕುಳಿತು ಹೇಗೆ ಸುಮ್ಮನಿದ್ದರೆಂಬುದನ್ನು ಒಂದೂ ಬಿಡದೆ ವೈನಿಗೆ ಒಪ್ಪಿಸಿದೆ. ಅವರು ಕಡ್ಡಿಯನ್ನು ಅರ್ಧಸುತ್ತು ತಿರುಗಿಸಿ, ನೋವು ನುಂಗಿ, "ನೀ ಕರದಾವ್ರೊಳಗ ಒಬ್ಬರರ ಆ ಬಾವ್ಯಾಗ ಕೊಡ ತುಂಬ್ಯಾರೇನು?" ಎಂದರು. ಇದು ಅವರಿಗೆ ತಿಳಿಯುವ ವಿಷಯವಲ್ಲ ಎಂದೆ.

ಮರುದಿನ ಹೊತ್ತು ಹುಟ್ಟುವ ಮೊದಲೇ ಅವರು ಹಟ ಹಿಡಿದು ಅಣ್ಣನ ಕೈಯಿಂದ ಎತ್ತಿಸಿಕೊಂಡು ಬಾವಿಗೆ ಹೋದರು. ನಾನು ಕಾಗದ ಹಿಡಿದು ಹಿಂದೆ ನಡೆದೆ. ಮೇಲಿನ ಮೆಟ್ಟಿಲಿನಲ್ಲಿ ಕುಳಿತು, ಕಡ್ಡಿ ಕಟ್ಟಿದ ಬಲಗಾಲನ್ನು ದಾರಿಗೆ ಅಡ್ಡ ಚಾಚಿದರು. ಇಳಿಯುವವರು ಅದನ್ನು ದಾಟಿಯೇ ಇಳಿಯಬೇಕು. ಬದುಕಿರುವ ಮನುಷ್ಯರ ಕಾಲನ್ನು ದಾಟುವ ಹೆಂಗಸು ನಮ್ಮ ಓಣಿಯಲ್ಲಿರಲಿಲ್ಲ. ಕೊಡಗಳು ಒಂದೊಂದಾಗಿ ಬಂದು ನಿಂತವು.

"ಏಳವ್ವ, ಹೊತ್ತಾತು," ಎಂದಳು ಗೌಡನ ತಾಯಿ ಬಾಳವ್ವ. "ಹುಣ್ಣಾಗೇತಂತ ಊರ ಉಪಾಸ ಕೆಡವತೀಯೇನು?"

"ದಾಟಿ ಹೋಗ ಅತ್ತಿ. ನಾ ಏನ್ ಅನ್ನೂದಿಲ್ಲ. ಇಲ್ಲಾಂದ್ರ ಮೆಟ್ಟಲ ಮುಚ್ಚೂದು ಯಾಕ ಬ್ಯಾಡಂತ ಹೇಳು."

ಅದಕ್ಕೆ ಬಂದ ಉತ್ತರಗಳಿಂದ ತಿಳಿಯಿತು, ಬೇಡವೆಂದವರು ಗಂಡಸರಲ್ಲ. ಗೌಡನ ಮಾನದ ಮಾತು ಅವರಿಗೊಂದು ನೆಪವಾಗಿತ್ತು. ಬೇಡವೆಂಬುದು ಒಳಮನೆಯ ಹೆಂಗಸರಿಂದ ಬಂದಿತ್ತು.

"ಒಂದ ಗಾಲಿ ಹಾಕತಾರಂತ," ಎಂದಳು ಬಾಳವ್ವ. "ಓಣಿ ಹೆಣ್ಮಕ್ಕಳೆಲ್ಲಾ ಅದರ ಮುಂದ ಸರತಿ ನಿಂತ್ರ ರೊಟ್ಟಿ ಬಡಿಯೂದು ಯಾವಾಗ? ಹಗ್ಗ ಜಗ್ಗಾಕ ನಿನ್ನ ಮೈದುನ ಬರತಾನೇನು?"

"ಬಂದ್ರ ಹಗ್ಗಕ್ಕೂ ಹಾಜರಿ ಹಾಕತಾನ," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

"ತುಂಬಿದ ಕೊಡ ನೆಲದಿಂದ ತಲಿಗೆ ಎತ್ತೂವರು ಯಾರು?" ಇದು ನೀಲವ್ವನ ದನಿ, ಅದನ್ನು ನಾನು ಹೊರಗೆ ಕೇಳಿದ್ದು ಅದೇ ಮೊದಲು. "ಈಗ ಮೆಟ್ಟಲ ಮ್ಯಾಲಿಟ್ಟು ಎತ್ತತೇವಿ."

ರಾಜೇಸಾಬ ಸುಣ್ಣದ ಗುಂಡಿಯ ಬಳಿಯಿಂದ ಎದ್ದು ಬಂದ. "ನಾಕು ಗಾಲಿ ಕುಂದರತಾವ್ರಿ ಅವ್ವಾರ. ಸೊಂಟದ ಎತ್ತರಕ್ಕ ಕಟ್ಟಿನೂ ಮಾಡತೇನಿ. ಮೊದಲ ಹೇಳಬೇಕಿಲ್ಲೋ?" ಎಂದ.

ಅಷ್ಟರಲ್ಲಿ ಸ್ನಾನಕ್ಕೆ ನೀರು ಬರಲಿಲ್ಲವೆಂದು ಅಡಿವೆಪ್ಪಗೌಡನೇ ಬಂದ. ಅವನ ಹಿಂದೆ ಉಳಿದ ಗಂಡಸರೂ ಬಂದರು. ಬಾಳವ್ವ, "ಒತ್ತೋ ನಿನ್ನ ಹೆಬ್ಬೆಟ್ಟು. ನಾಕು ಗಾಲಿ ಅಂತ," ಎಂದಳು. ಗೌಡ ನನ್ನನ್ನು ನೋಡಿದ.

"ಒತ್ತತೇನಿ. ಮಾಸ್ತರ ಇಲ್ಲೇ ನಾಕು ಮಂದ್ಯಾಗ ತಪ್ಪಾತು ಅನ್ಲಿ."

ವೈನಿಯ ಕಾಲಿಗೆ ಬಿಸಿಲು ಬಿದ್ದಿತ್ತು, ನೊಣ ಕೂಡುತ್ತಿದ್ದವು. ಅವರು ನನ್ನ ಕಡೆ ನೋಡಲಿಲ್ಲ.

"ತಪ್ಪಾತ್ರಿ ಗೌಡರ," ಎಂದೆ.

"ಕೇಳಸಲಿಲ್ಲ," ಎಂದ ಆತ, ಎಲೆಯನ್ನು ಎಡದವಡೆಗೆ ಸರಿಸಿ.

ಇನ್ನೊಮ್ಮೆ ಹೇಳಿದೆ. ಎಲ್ಲರಿಗೂ ಕೇಳಿಸಿತು. ಒಂದೊಂದಾಗಿ ಹೆಬ್ಬೆಟ್ಟುಗಳು ಬಿದ್ದವು. ನಿಯಮದಂತೆ ಇಡೀ ಕಾಗದವನ್ನು ಅಲ್ಲೇ ಗಟ್ಟಿಯಾಗಿ ಓದಿದೆ. ವೈನಿ ಆಮೇಲೆ ಕಾಲು ಎಳೆದುಕೊಂಡರು.

ಅಮಾವಾಸ್ಯೆಯೊಳಗೆ ಮೆಟ್ಟಿಲು ಮುಚ್ಚಿತು. ಹಿಂದೆ ಕುಡಿದ ನೀರಿನ ಹುಳು ವರ್ಷ ಕಳೆದು ತಲೆ ಹಾಕಿ, ಮರುವರ್ಷವೂ ನಾಲ್ಕು ಮನೆಗಳಲ್ಲಿ ಹುಣ್ಣೆದ್ದಾಗ ಓಣಿಯವರು ನನ್ನನ್ನು ಬೈದರು. ಯಾರು ಏನೆಂದು ಬೈದರೆಂಬುದು ನನಗೆ ಗೊತ್ತು. ಅದರ ಮರುವರ್ಷ ಒಂದೂ ಏಳಲಿಲ್ಲ. ಯಾರೂ ಬಂದು ಹೊಗಳಲಿಲ್ಲ, ಅದೂ ಗೊತ್ತು. ವೈನಿಯ ಎರಡೂ ಮೊಣಕಾಲು ಕೊನೆಯವರೆಗೆ ನೆಟ್ಟಗಾಗಲಿಲ್ಲ.

ಇಷ್ಟು ಬರೆದು, ಆ ಕಾಗದದ ಒಕ್ಕಣೆಯನ್ನು ಇಲ್ಲಿ ಕೊಡೋಣವೆಂದು ನೆನಪಿನಿಂದ ತೆಗೆದೆ. ಮೊದಲ ಹೆಸರು ಅಡಿವೆಪ್ಪಗೌಡ. ಕೆಳಗೆ ನನ್ನ ಅಣ್ಣ, ಆ ಕಿವುಡ ಮುದುಕ, ಹೀಗೆ ಮನೆಯ ಯಜಮಾನರೆಲ್ಲ. ಬರೆದವನ ಜಾಗದಲ್ಲಿ ನನ್ನ ಹೆಸರು, ಉಳಿದವುಗಳಿಗಿಂತ ತುಸು ದೊಡ್ಡದಾಗಿ. ಬಾವಿಯ ಬಾಯಲ್ಲಿ ಕೊಡ ಹಿಡಿದು ನಿಂತಿದ್ದ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಅವರ ಮುಂದೆಯೇ ನಾನು ಅದನ್ನು ಗಟ್ಟಿಯಾಗಿ ಓದಿದ್ದೆ. ನನಗಾದ ಒಂದು ಅವಮಾನವನ್ನೂ ಮರೆಯದ ನಾನು, ನಾನು ಮಾಡಿದ ಇದನ್ನು ಇಷ್ಟು ವರ್ಷ ಕಂಡಿರಲಿಲ್ಲ.

ಲೇಖನಿ ಇಟ್ಟು ಅಡುಗೆಮನೆಯ ಬಾಗಿಲಿಗೆ ಹೋದೆ. ನೀಲವ್ವ ಈಗ ನಮ್ಮ ಮನೆಯ ಹಿರಿಯಳು. ಗಟ್ಟಿಯಾದ ಎರಡು ಕಾಲುಗಳ ಮೇಲೆ ನಿಂತು ಹಿಟ್ಟು ಸಾಣಿಸುತ್ತಿದ್ದಳು.

"ಆವತ್ತಿನ ಕಾಗದದಾಗ ನಿಮ್ಮ ಅತ್ತಿ ಹೆಸರ ನಾ ಬರಿಯಲಿಲ್ಲ ನೀಲವ್ವ," ಎಂದೆ.

ಅವಳು ಸಾಣಿಗೆಯನ್ನು ನಿಲ್ಲಿಸಲಿಲ್ಲ.

"ನಮಗ ಅದು ಆವತ್ತ ಗೊತ್ತಿತ್ತ್ರಿ ಮಾವಾರ," ಎಂದಳು.