ಬೀಸುವ ಕಲ್ಲಿನ ಹಿಂದೆ ಕೂತವಳು

ಯಹೂದಿಗಳನ್ನು ನಾನು ಇದುವರೆಗೆ ಕಣ್ಣಾರೆ ಕಂಡಿಲ್ಲ. ಹಾಗಿದ್ದೂ ಅವರ ಪಾಸೋವರ್ ಹಬ್ಬದ ಹಳೆಯ ಪಠ್ಯಗಳನ್ನು, ಅವಕ್ಕೆ ಅವರ ಪಂಡಿತರು ಬರೆದ ವ್ಯಾಖ್ಯಾನಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಲು ಒಪ್ಪಿಕೊಂಡೆ. ಗುಬ್ಬಿಯ ಕಾಲೇಜಿನಿಂದ ನಿವೃತ್ತಳಾದ ಮೇಲೆ ತುಮಕೂರಿನ ಮನೆಯಲ್ಲಿ ಗೋಡೆ ನೋಡುತ್ತ ಕೂರುವುದು ನನ್ನ ಕೈಲಾಗದ ಕೆಲಸ. ಪ್ರಕಾಶಕರ ಷರತ್ತು ಒಂದೇ: ಎಸ್ಸೆಸ್ಸೆಲ್ಸಿ ಓದಿದವರಿಗೆ ಅಡಿಟಿಪ್ಪಣಿಯಿಲ್ಲದೆ ತಿಳಿಯಬೇಕು.

ಎಸ್ಸೆಸ್ಸೆಲ್ಸಿ ಓದಿದವಳೆಂದರೆ ನನ್ನ ಪಾಲಿಗೆ ಹೆಬ್ಬೂರಿನ ಅತ್ತಿಗೆ, ಅಣ್ಣನ ಹೆಂಡತಿ. ಒಂದೇ ವಾರಿಗೆಯವರಾದ್ದರಿಂದ ನಮ್ಮದು ಹೋಗೇ ಬಾರೇ ಸಲಿಗೆ. ಭಾನುವಾರ ಬಸ್ಸು ಹಿಡಿದು ಹೋಗಿ, ಬರೆದದ್ದನ್ನು ಓದಿ ಹೇಳುತ್ತಿದ್ದೆ. ಅವಳು ಹುಣಸೆಹಣ್ಣು ಬಿಡಿಸುತ್ತ ಕೇಳುತ್ತಿದ್ದಳು. ತಿಳಿಯದ ಕಡೆ ಮುಲಾಜಿಲ್ಲದೆ ತಡೆಯುತ್ತಿದ್ದಳು. ಹಬ್ಬಕ್ಕೆ ಮುಂಚೆ ಮನೆಯಲ್ಲಿರುವ ಹುದುಗು ಬಂದ ಹಿಟ್ಟನ್ನೆಲ್ಲ ಹೊರಹಾಕಬೇಕೆಂದು ಓದಿದಾಗ ಅವಳು ನಕ್ಕೇಬಿಟ್ಟಳು.

"ದೋಸೆ ಹಿಟ್ಟೂ ಚೆಲ್ಲೋದೇನೇ? ಅದ್ಯಾವ್ ಹಬ್ಬ ಕಣೇ, ತಿನ್ನೋದ್ ಬುಟ್ಟು ಬಿಸಾಕೋದು!"

ಅಕ್ಕಿಯ ಮಾತಲ್ಲ, ಗೋಧಿ ಜವೆಗೋಧಿಯಂಥವುಗಳ ಹಿಟ್ಟು ಎಂದು ಆ ಸಂಜೆಯೇ ತಿದ್ದಿದೆ. ಅವಳ ನಗುವನ್ನು ಮಾತ್ರ ಬಸ್ಸಿನುದ್ದಕ್ಕೂ ನೆನೆಸಿಕೊಂಡೆ. ಅವಳ ಹಿರಿಮಗ ಕೆಲಸಕ್ಕೆಂದು ಬೈಕಿನಲ್ಲಿ ಹೊರಟವನು ಗುಬ್ಬಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡಿದ್ದ. ಅಂದಿನಿಂದ ಆ ಮನೆಯಲ್ಲಿ ಟಿವಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಪುಸ್ತಕಕ್ಕಿಂತ ಅವಳು ಬಾಯಿ ಬಿಡುವುದೇ ಮುಖ್ಯವಾಗಿತ್ತು.

ಆದರೆ ಆ ಹಬ್ಬದ ಕಥೆ ಹೋಗಿ ನಿಲ್ಲುವುದೇ ಮಕ್ಕಳ ಸಾವಿನಲ್ಲಿ. ಗುಲಾಮರಾಗಿದ್ದ ಯಹೂದಿಗಳನ್ನು ಬಿಡಲೊಪ್ಪದ ಈಜಿಪ್ಟಿನ ದೊರೆಯ ಮೇಲೆ ದೇವರು ಒಂದರ ಹಿಂದೊಂದು ಪಿಡುಗು ಕಳಿಸುತ್ತಾನೆ. ಹತ್ತನೆಯದು, ಆ ದೇಶದ ಮನೆಮನೆಯ ಚೊಚ್ಚಲು ಮಗನ ಸಾವು. ಆ ಹಾಳೆಯನ್ನು ನಾನು ಚೀಲದಿಂದ ತೆಗೆಯಲೇ ಇಲ್ಲ. ಕೊನೆಗೆ ಅತ್ತಿಗೆಯೇ ಕೇಳಿದಳು.

"ಹತ್ತು ಅಂದಿದ್ದೆ, ಒಂಬತ್ತೇ ಓದಿದೀಯ. ಇನ್ನೊಂದೇನಂತ ನಂಗೊತ್ತಾಗಕಿಲ್ವಾ? ಓದು ಬುಡು."

ಓದಿದೆ. ಸಿಂಹಾಸನದ ಮೇಲಿನ ದೊರೆಯ ಮಗನಿಂದ ಹಿಡಿದು ಬೀಸುವ ಕಲ್ಲಿನ ಹಿಂದೆ ಕೂತ ದಾಸಿಯ ಮಗನವರೆಗೆ, ಚೊಚ್ಚಲು ಮಕ್ಕಳೆಲ್ಲ ಒಂದೇ ರಾತ್ರಿ ಸತ್ತರು. ಅತ್ತಿಗೆ ಅಳಲಿಲ್ಲ. ಇನ್ನೊಂದು ಹುಣಸೆಹಣ್ಣು ಕೈಗೆತ್ತಿಕೊಂಡು ಕೇಳಿದಳು.

"ದೊರೆ ತಪ್ ಮಾಡ್ದ, ಸರಿ. ಬೀಸೋ ಕಲ್ಲಿನ್ ಹಿಂದೆ ಕೂತಿದ್ಲಲ್ಲ, ಅವಳೇನ್ ಮಾಡಿದ್ಲು?"

ಹಳೆಯ ಪಂಡಿತರೂ ಇದನ್ನೇ ಕೇಳಿದ್ದರು. ಅವರಲ್ಲೊಬ್ಬರ ಉತ್ತರ ನನ್ನ ಮುಂದಿನ ಹಾಳೆಯಲ್ಲಿತ್ತು. ಬಹಳ ತೊಡಕಿನ ಸಾಲು. ತಿದ್ದಿ ತಿದ್ದಿ ನೀರಿನಂತೆ ತಿಳಿಯಾಗಿಸಿದ್ದೆ, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಅವಳು ಕೇಳಿದ್ದಕ್ಕೆ ಉತ್ತರ ಸಿಕ್ಕಿತಲ್ಲ ಎಂಬ ಹುಮ್ಮಸ್ಸಿನಲ್ಲಿ ಓದಿಯೇಬಿಟ್ಟೆ: ಗುಲಾಮರು ಪಡುತ್ತಿದ್ದ ಪಾಡನ್ನು ನೋಡಿ ಆ ದಾಸಿಯೂ ಒಳಗೊಳಗೇ ಖುಷಿಪಟ್ಟಿದ್ದಳು, ಅದಕ್ಕೇ ಅವಳ ಮಗನೂ ಹೋದ.

ಅತ್ತಿಗೆ ಕೈಗಂಟಿದ ಹುಣಸೆಯನ್ನು ಸೀರೆಯಂಚಿಗೆ ಒರೆಸಿಕೊಂಡಳು.

"ದಾಯಾದಿ ಮನೆಯೋರು ನಮ್ ಹೊಲದ್ ಬದು ಒತ್ತಿದ್ರಲ್ಲ, ಆವಾಗ ಆ ಮನೆಯೋಳ ಗಂಡ ಸತ್ತ. ಆಗ್ಬೇಕು ಬುಡು ಅವಳ್ಗೆ ಅಂದಿದ್ದೆ ನಾನು. ಒಲೆ ಮುಂದೆ ಕೂತ್ಕಂಡು ಅಂದಿದ್ದೆ. ಯಾರಿಗೂ ಕೇಳ್ಸಿರ್ಲಿಲ್ಲ."

ಆ ಪಂಡಿತನ ಮೇಲೂ ನನ್ನ ತಿಳಿಗನ್ನಡದ ಮೇಲೂ ಕೆಟ್ಟ ಸಿಟ್ಟು ಬಂತು. ಅತ್ತಿಗೆ, ಅದು ಯಾರೋ ಒಬ್ಬ ಹೇಳಿದ್ದು ಅಷ್ಟೆ, ಅಂದೆ. ಹಬ್ಬದ ದಿನ ಹತ್ತು ಪಿಡುಗಿನ ಹೆಸರು ಹೇಳುವಾಗ ಯಹೂದಿಗಳು ಬಟ್ಟಲಿನಿಂದ ಒಂದೊಂದು ಹನಿ ದ್ರಾಕ್ಷಾರಸ ತೆಗೆದುಬಿಡುತ್ತಾರೆ, ಸತ್ತವರು ಶತ್ರುಗಳಾದರೂ ತಮ್ಮ ಸಂತೋಷ ಅಷ್ಟು ಕಡಿಮೆಯಾಗಲಿ ಅಂತ, ಅದನ್ನೂ ಓದುತ್ತೇನೆ ಕೇಳು ಎಂದು ಗಾಬರಿಯಿಂದ ಹಾಳೆ ತಿರುವಿದೆ. ಆ ಭಾಗವನ್ನು ನಾನಿನ್ನೂ ತಿದ್ದಿರಲಿಲ್ಲ. ಓದಿದರೆ ನನಗೇ ನಾಲಿಗೆ ತೊಡರಿತು.

"ಇದೊಂದೂ ತಿಳೀಲಿಲ್ಲ ಕಣೇ," ಅಂದಳು ಅತ್ತಿಗೆ. "ಮೊದಲ್ನೇದು ಎಷ್ಟು ಚೆನ್ನಾಗಿ ಬಿಡಿಸಿ ಹೇಳವ್ರೆ. ಸುಳ್ಳಾಗಿದ್ರೆ ಅಷ್ಟು ಸಲೀಸಾಗಿ ಅರ್ಥ ಆಗ್ತಿತ್ತಾ?"