ಬೀಗರೂಟದ ದಿನ ಮುಚ್ಚಿದ ಇಂಗುಗುಂಡಿ

ಎಡ ಹುಬ್ಬೋ ಬಲ ಹುಬ್ಬೋ, ಈಗ ಖಾತ್ರಿಯಿಲ್ಲ. ಒಂದರ ಮೇಲೆ ಮಾತ್ರ ಸದಾ ರಾಗಿಹಿಟ್ಟು ಕೂತಿರುತ್ತಿತ್ತು. ಇನ್ನೊಂದನ್ನು ಸೆರಗಿನಿಂದ ಒರೆಸಿಕೊಂಡು ಇದನ್ನು ಮರೆಯುತ್ತಿದ್ದರೋ ಏನೋ. ಮಿಲ್ ಆಂಟಿಯ ಬಗ್ಗೆ ನನಗಿರುವ ನೆನಪಿನಲ್ಲಿ ಎಷ್ಟು ನಿಜ, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು, ಹೇಳಲಾರೆ.

ಜೆ.ಪಿ. ನಗರದ ನಮ್ಮ ರಸ್ತೆ ಸಾರಕ್ಕಿ ಕೆರೆಯ ಕಡೆಗೆ ಇಳಿಜಾರು. ನಮ್ಮ ಮನೆ ಮೇಲೆ. ಪಕ್ಕದ ತಗ್ಗಿನಲ್ಲಿ ಅವರ ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ಅವರ ಅನ್ನಕ್ಕೆ ಆ ಒಂದು ಮೋಟರೇ ದಿಕ್ಕು. ಮಳೆ ಬಂದರೆ ನಮ್ಮ ತಾರಸಿಯ ನೀರು ಅಂಗಳಕ್ಕೆ ಬಿದ್ದು ನೇರ ಅವರ ಹೊಸಿಲು ದಾಟುತ್ತಿತ್ತು. ಒಂದು ಬೇಸಿಗೆ ಕೂಲಿಯವನೊಬ್ಬನನ್ನು ಕರೆದುಕೊಂಡು ನಮ್ಮ ಗೇಟಿಗೆ ಬಂದರು.

"ಸಾರ್, ನಿಮ್ಮ ನೀರು ನಿಮ್ಮಲ್ಲೇ ಇಂಗ್ಲಿ. ಒಂದು ಗುಂಡಿಗೆ ಜಾಗ ಕೊಡಿ."

"ಬಂದ ನೆಂಟ್ರು ಬಿದ್ರೆ?" ಎಂದರು ಅಪ್ಪ.

"ನಿಮ್ಮ ನೆಂಟ್ರು ಊಟದ ಮೇಲೆ ಬೀಳ್ತಾರೆ ಸಾರ್, ಗುಂಡಿಗಲ್ಲ."

ಅಪ್ಪ ನಕ್ಕು ಒಪ್ಪಿದರು.

ಕೂಲಿಯವನು ಅಗೆದಂತೆಲ್ಲ ಆಂಟಿ ಮಣ್ಣನ್ನು ಹಿಟ್ಟಿನಂತೆಯೇ ಬೆರಳಲ್ಲಿ ಉಜ್ಜಿ ನೋಡುವರು. "ನುಣ್ಣಗಿದೆ, ಇದು ನೀರು ಬಿಡಲ್ಲ. ಇನ್ನೂ ಅಗಿಯಪ್ಪ." ತರಿತರಿ ಮಣ್ಣು ಸಿಕ್ಕ ಮೇಲೆ ಒಂದು ಬಿಂದಿಗೆ ನೀರು ಸುರಿದು ಕಾದು ಕೂತರು. ನಾನು ಕಾಫಿ ತರುವಷ್ಟರಲ್ಲಿ ನೀರು ಮಾಯ. "ನೋಡು, ನನಗಿಂತ ಮುಂಚೆ ಅದೇ ಕುಡೀತು!"

ತಳಕ್ಕೆ ದಪ್ಪ ಕಲ್ಲು, ಆಮೇಲೆ ಜಲ್ಲಿ, ಮೇಲೆ ಮರಳು ತುಂಬಿಸಿದರು. ಪ್ರತಿವರ್ಷ ಮೊದಲ ಮಳೆಯ ಮರುದಿನ ತಾವೇ ಬಂದು ಮರಳಿನ ಮೇಲೆ ಕೂತ ಕೆಸರು ಕೆರೆಯುವರು. "ಜರಡಿ ಕಟ್ಕೊಂಡ್ರೆ ಮಿಲ್ಲೂ ನಡೆಯಲ್ಲ, ಗುಂಡೀನೂ ನಡೆಯಲ್ಲ." ಎರಡು ಮಳೆಗಾಲ ಗಿರಣಿಯೊಳಗೆ ಹನಿ ನೀರು ಬರಲಿಲ್ಲ.

ಆಮೇಲೆ ಅಣ್ಣನ ಮದುವೆಯಾಯಿತು. ಬೀಗರೂಟ ನಮ್ಮ ಅಂಗಳದಲ್ಲೇ. ಶಾಮಿಯಾನ ಹಾಕಿದಾಗ ಗುಂಡಿ ಸರಿಯಾಗಿ ಪಂಕ್ತಿಯ ನಡುವೆ ಬಂತು. ಯಾರೋ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮಣ್ಣು ಸುರಿದು, ತುಳಿಸಿ ಸಮ ಮಾಡಿಸಿದರು.

'ಯಾರೋ' ಎಂದು ಬರೆದಲ್ಲೇ ಕೈ ನಿಲ್ಲುತ್ತದೆ. "ಬೀಗರ ಮುಂದೆ ಅಸಹ್ಯ ಕಾಣುತ್ತೆ, ಮುಚ್ಚಿಸು" ಎಂಬ ಮಾತು ನನಗೆ ನನ್ನ ದನಿಯಲ್ಲೇ ಕೇಳಿಸುತ್ತದೆ. ಅಂದಿನ ಡೈರಿ ತೆಗೆದು ನೋಡಿದೆ. "ಸಂಜೆ ಜೋರು ಮಳೆ. ಊಟ ಚೆನ್ನಾಗಿತ್ತು." ಅಷ್ಟೇ.

ಆ ಸಂಜೆ ಗಿರಣಿಯ ಮೋಟರು ಮುಳುಗಿತು. ಗಿರಾಕಿಗಳ ರಾಗಿ ಡಬ್ಬಗಳು ತೇಲಿದವು. ಬೆಳಗ್ಗೆ ಆಂಟಿ ಬಂದಾಗ ಎರಡೂ ಹುಬ್ಬು ಬರಿದಾಗಿದ್ದವು. ಇದೂ ನಾನು ಸೇರಿಸಿಕೊಂಡದ್ದೇ ಇರಬಹುದು.

"ಯಾರು ಮುಚ್ಚಿದ್ದು ಅಂತ ಕೇಳಕ್ಕೆ ಬಂದಿಲ್ಲಮ್ಮ. ಸಲಿಕೆ ಕೊಡು, ಇವತ್ತೂ ಮೋಡ ಇದೆ."

ಇಬ್ಬರೂ ಸೇರಿ ಮಣ್ಣು ಸರಿಸಿ ಹಾಳೆ ಎಳೆದು ಹಾಕಿದೆವು. ನಾನು ಕ್ಷಮೆ ಕೇಳಲಿಲ್ಲ.

ಆ ಮೋಟರು ಮತ್ತೆ ತಿರುಗಲಿಲ್ಲ. ಆಂಟಿ ಬೊಮ್ಮನಹಳ್ಳಿಯ ತಂಗಿಯ ಮನೆಗೆ ಹೋಗಿ, ಗಾರ್ಮೆಂಟ್ಸ್‌ನಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಸೇರಿದರಂತೆ. ಕೆಲವು ವರ್ಷಗಳ ಮೇಲೆ ತೀರಿಕೊಂಡ ಸುದ್ದಿಯೂ ಬಂತು. ಈಗ ಮೊದಲ ಮಳೆಯ ಮರುದಿನ ಕೆಸರು ಕೆರೆಯುವವಳು ನಾನು. ಕೆರೆದಷ್ಟೂ ಸಾಲದೆನಿಸಿ ಸಂಜೆ ಮತ್ತೊಮ್ಮೆ ಹೋಗಿ ನೋಡುತ್ತೇನೆ.

ಹೋದ ವಾರ ಅಣ್ಣ ಊಟಕ್ಕೆ ಬಂದಿದ್ದ. ಕೈ ತೊಳೆಯಲು ಅಂಗಳಕ್ಕೆ ಹೋದವನ ಹಿಂದೆಯೇ ಹೋಗಿ ಕೇಳಿಬಿಟ್ಟೆ. ಅವನು ಗುಂಡಿಯ ಕಡೆ ನೋಡಿದ, ಟವೆಲ್ ಕೇಳಿದ, ಹೊರಟ. ನಾನು ಕೇಳಿದ್ದು ಇಷ್ಟೇ:

"ಅಣ್ಣಾ, ಅವತ್ತು ಮುಚ್ಚಿಸು ಅಂತ ನಿಂಗೆ ಹೇಳಿದ್ದು ನಾನೇನಾ?"